ಧಾರೆಗೆ ಮೂರು ವಾರ ಮುಂಚೆ: ಮಲೆನಾಡಿನಲ್ಲಿ ಜೋಡಿ ಫೋಟೊ ತೆಗೆಯುವ ಕೆಲಸ

ಚಿಕ್ಕಮಗಳೂರು, ಹಾಸನದ ಕಡೆ ಪ್ರಿ-ವೆಡ್ಡಿಂಗ್ ಶೂಟ್ ಒಪ್ಪಿಕೊಳ್ಳುವಾಗ ಮೊದಲ ಫೋನು ಸಾಮಾನ್ಯವಾಗಿ ಹುಡುಗನದು, ಎರಡನೆಯದು ಹುಡುಗಿಯ ಅಣ್ಣನದೋ ಭಾವನದೋ ಆಗಿರುತ್ತದೆ. ಹುಡುಗ ಕೇಳುವುದು ರೇಟು. ಅಣ್ಣ ಕೇಳುವುದು, "ಸಂಜೆ ಎಷ್ಟು ಹೊತ್ತಿಗೆ ಮನೆಗೆ ಬಿಡ್ತೀರಾ? ಜೊತೇಲಿ ನಮ್ಮ ಕಡೆಯಿಂದ ಒಬ್ಬರು ಬರಬಹುದಾ?" ಇಬ್ಬರಿಗೂ ಉತ್ತರ ಕೊಡುವ ಮೊದಲು ನಾವು ಮೂರು ವಿಷಯ ಕೇಳಿಕೊಳ್ಳುತ್ತೇವೆ: ಧಾರೆ ಯಾವತ್ತು, ಫೋಟೊ ಎಲ್ಲೆಲ್ಲಿ ಹಾಕಿಸ್ತೀರಿ, ನೀವಿಬ್ಬರೂ ಇಲ್ಲಿಯವರೆಗೆ ಎಷ್ಟು ಸಲ ಭೇಟಿಯಾಗಿದ್ದೀರಿ. ಮೂರನೆಯ ಪ್ರಶ್ನೆಗೆ ಹುಡುಗ ಸ್ವಲ್ಪ ತಡವರಿಸುತ್ತಾನೆ. ಆದರೆ ಇಡೀ ದಿನದ ಲೆಕ್ಕಾಚಾರ ನಿಂತಿರುವುದು ಅದರ ಮೇಲೆಯೇ.

ದಿನಾಂಕವನ್ನು ಧಾರೆಯಿಂದ ಹಿಂದಕ್ಕೆ ಎಣಿಸಬೇಕು. ಕಡಿಮೆ ಅಂದರೂ ಮೂರು ವಾರ ಮೊದಲು ಶೂಟ್ ಮುಗಿದಿರಬೇಕು. ಜೋಡಿ ಕೂತು ಫೋಟೊ ಆರಿಸಲು ನಾಲ್ಕೈದು ದಿನ, ತಿದ್ದಲು ಒಂದು ವಾರ, ಛತ್ರದ ಬಾಗಿಲಿನ ಸ್ವಾಗತ ಬೋರ್ಡ್ ಪ್ರಿಂಟಾಗಲು ಎರಡು ದಿನ, ಉಳಿದದ್ದು ಮನೆಯವರ ಬದಲಾವಣೆಗಳಿಗೆ. ಮದುವೆ ವಾರದಲ್ಲಿ ಮಾಡಿಕೊಳ್ಳೋಣ ಎಂದರೆ ನಡೆಯುವುದಿಲ್ಲ. ಚಪ್ಪರ ಹಾಕಿ ಅರಿಶಿನ ಹಚ್ಚಿದ ಮೇಲೆ ಹಿರಿಯರು ಹುಡುಗಿಯನ್ನು ಹೊಸಿಲು ದಾಟಿಸುವುದಿಲ್ಲ. ಫೇಷಿಯಲ್, ಥ್ರೆಡಿಂಗ್ ಎರಡನ್ನೂ ಶೂಟಿಗೆ ಮೂರು ದಿನ ಮೊದಲೇ ಮುಗಿಸಲು ಹೇಳುತ್ತೇವೆ. ಹಿಂದಿನ ದಿನ ಮಾಡಿಸಿದರೆ ಹುಬ್ಬಿನ ಮೇಲಿನ ಕೆಂಪು, ಸಣ್ಣ ಗುಳ್ಳೆ ಎಲ್ಲ ಮುಖವನ್ನು ಹತ್ತಿರಕ್ಕೆ ತರುವ 85 ಎಂಎಂ ಲೆನ್ಸಿನಲ್ಲಿ ಎದ್ದು ಕಾಣುತ್ತದೆ. ಹುಡುಗನ ಕಟಿಂಗ್ ಒಂದು ವಾರ ಹಳೆಯದಿದ್ದರೆ ಚೆಂದ.

ಫೋಟೊ ಎಲ್ಲಿ ಬಳಸುತ್ತಾರೆ ಎನ್ನುವುದು ಚೌಕಟ್ಟನ್ನು ತೀರ್ಮಾನಿಸುತ್ತದೆ. ಛತ್ರದ ಬಾಗಿಲ ಬೋರ್ಡ್ ನಿಲುವು, ತಲೆ ಮೇಲೆ ಹೆಸರು ಬರೆಯಲು ಜಾಗ ಬೇಕು. ಆರತಕ್ಷತೆಯ ಎಲ್ಇಡಿ ಪರದೆ 16:9ರ ಅಡ್ಡ, ಜೋಡಿ ಒಂದು ಪಕ್ಕಕ್ಕಿದ್ದು ಇನ್ನೊಂದು ಪಕ್ಕ ಖಾಲಿ ಇರಬೇಕು. ವಾಟ್ಸಾಪ್ ಆಮಂತ್ರಣ 9:16. ಆಲ್ಬಂ ಹಾಳೆ ಇಲ್ಲಿ ಹೆಚ್ಚಾಗಿ 12×36 ಇಂಚು, ನಡುವೆ ಮಡಿಕೆ. ಮುಖ ಮಡಿಕೆಯ ಮೇಲೆ ಬಂದರೆ ಆ ಫೋಟೊ ಹೋಯಿತು. ಹಾಗಾಗಿ ಚೆನ್ನಾಗಿ ಬಂದ ಪ್ರತಿ ಭಂಗಿಯನ್ನೂ ಒಂದು ನಿಲುವಿನಲ್ಲಿ, ಒಂದು ಅಡ್ಡದಲ್ಲಿ, ಸುತ್ತ ಧಾರಾಳ ಜಾಗ ಬಿಟ್ಟು ತೆಗೆದಿಟ್ಟುಕೊಳ್ಳುತ್ತೇವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಲುತ್ತದಾ ಅಂತ ಹೊಸಬರು ಕೇಳುತ್ತಾರೆ. ಅದರ ಫೈಲು 6000×4000 ಪಿಕ್ಸೆಲ್. ಆಲ್ಬಮ್ಮಿನ ಅರ್ಧ ಹಾಳೆ, ಅಂದರೆ 12×18 ಇಂಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಬೇಕಿರುವುದು 5400×3600. ಸಾಲುತ್ತದೆ, ಆದರೆ ಆಮೇಲೆ ವಿಪರೀತ ಕ್ರಾಪ್ ಮಾಡುವಂತಿಲ್ಲ.

ಈಗ ಋತು. ಧನುರ್ಮಾಸದಲ್ಲಿ ಮದುವೆ ಇಲ್ಲ. ಹಾಗಾಗಿ ಮಾಘದ ಮದುವೆಗಳ ಶೂಟೆಲ್ಲ ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಒಟ್ಟಾಗಿ ಬಂದು ಬೀಳುತ್ತವೆ. ಬೆಳಕಿನ ಮಟ್ಟಿಗೆ ಇದೇ ಒಳ್ಳೆಯ ಕಾಲ: ಆಕಾಶ ತಿಳಿ, ಸೂರ್ಯ ಹುಟ್ಟುವುದು 6.40ರಿಂದ 6.50ರ ಸುಮಾರಿಗೆ, ಮುಳುಗುವುದು 6.05ರಿಂದ 6.20ರ ಆಸುಪಾಸು. ಬೆಳಿಗ್ಗೆ 8.15ರವರೆಗೆ, ಸಂಜೆ 4.45ರ ನಂತರ ಬಿಸಿಲು ಮೃದು. ಹತ್ತರಿಂದ ಮೂರೂವರೆವರೆಗೆ ಬಯಲಿನಲ್ಲಿ ನಾವು ಕ್ಯಾಮೆರಾ ತೆಗೆಯುವುದಿಲ್ಲ. ನೆತ್ತಿ ಮೇಲಿನ ಬಿಸಿಲು ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಬೀಳಿಸುತ್ತದೆ, ಯಾವ ತಿದ್ದುಪಡಿಗೂ ಅದು ಜಗ್ಗದು. ಆ ಹೊತ್ತು ಊಟಕ್ಕೆ, ಓಡಾಟಕ್ಕೆ, ಬಟ್ಟೆ ಬದಲಿಸಲು.

ತೊಡಕು ಏನೆಂದರೆ ಅದೇ ಕಾಲಕ್ಕೆ ತೋಟಗಳಲ್ಲಿ ಕಾಫಿ ಕೊಯ್ಲು. ಅರೇಬಿಕಾ ನವೆಂಬರಿನಿಂದ, ರೋಬಸ್ಟಾ ಡಿಸೆಂಬರ್ ಕೊನೆಯಿಂದ. ಆಳು ಸಿಗುವುದೇ ಕಷ್ಟವಾದ ದಿನಗಳಲ್ಲಿ ಜರಿ ಸೀರೆ ಉಟ್ಟು ಬಂದ ಜೋಡಿಯನ್ನು ಯಾವ ಬೆಳೆಗಾರರೂ ಖುಷಿಯಿಂದ ಒಳಗೆ ಬಿಡುವುದಿಲ್ಲ. ತೋಟದವರು ಪರಿಚಯಸ್ಥರೇ ಆದರೂ ತೋಟದ ಕೆಲಸ ನೋಡಿಕೊಳ್ಳುವ ರೈಟರ ಹತ್ತಿರ ಹಿಂದಿನ ದಿನ ಮಾತಾಡಬೇಕು. ಕೊಯ್ಲು ನಡೆಯುತ್ತಿರುವ ಪಟ್ಟೆ (ತೋಟದ ಭಾಗ) ಬಿಟ್ಟು, ಮುಗಿದ ಪಟ್ಟೆ ಯಾವುದೆಂದು ಕೇಳಬೇಕು. ಕಣದಲ್ಲಿ ಹರಡಿದ ಹಣ್ಣಿನ ಮೇಲೆ ಕಾಲಿಡಬಾರದು, ಭಂಗಿಗಾಗಿ ಗಿಡ ಬಗ್ಗಿಸಬಾರದು. ಇನ್ನೊಂದು ಪ್ರಶ್ನೆ ಸಕಲೇಶಪುರ, ಆಲೂರು, ಬೇಲೂರು ಕಡೆ ತಪ್ಪಿಸುವಂತೆಯೇ ಇಲ್ಲ: "ಆನೆ ಎಲ್ಲಿವೆ?" ಬೆಳಿಗ್ಗೆ ಆರಕ್ಕೆ ಮಂಜಿನ ತೋಟದೊಳಗೆ ನುಗ್ಗುವುದು ಫೋಟೊಗೆ ಚೆಂದ. ಆದರೆ ರಾತ್ರಿ ಹಿಂಡು ಆ ಕಡೆ ದಾಟಿದ್ದರೆ ಶೂಟ್ ಒಂಬತ್ತಕ್ಕೆ ಹೋಗಲಿ, ಬೇರೆ ಜಾಗಕ್ಕೇ ಹೋಗಲಿ. ಇದರಲ್ಲಿ ಚೌಕಾಸಿ ಇಲ್ಲ.

ಕಾಫಿ ಹೂವಿನ ಶೂಟ್ ಎಲ್ಲರಿಗೂ ಬೇಕು, ದಿನಾಂಕ ಮಾತ್ರ ಯಾರ ಕೈಯಲ್ಲೂ ಇಲ್ಲ. ಹೂಮಳೆ, ಅಂದರೆ ಹೂವು ಅರಳಿಸುವ ಬೇಸಿಗೆಯ ಮೊದಲ ಮಳೆ ಬಿದ್ದು, ಅಥವಾ ಸ್ಪ್ರಿಂಕ್ಲರಿನಲ್ಲಿ ನೀರು ಕೊಟ್ಟು ಎಂಟು-ಹತ್ತು ದಿನಕ್ಕೆ ಅರಳುತ್ತದೆ. ಬೆಳ್ಳಗಿರುವುದು ಎರಡು-ಮೂರು ದಿನ ಮಾತ್ರ, ಆಮೇಲೆ ಕಂದು. ಈ ಶೂಟ್ ಒಪ್ಪಿಕೊಂಡರೆ ಜೋಡಿ ಎರಡು ದಿನದ ಮುನ್ಸೂಚನೆಯಲ್ಲಿ ಬರಲು ತಯಾರಿರಬೇಕು. ಬೆಂಗಳೂರಿನಲ್ಲಿ ರಜೆ ಹಾಕಿ ಬರಬೇಕಾದವರಿಗೆ ನಾವೇ ಬೇಡ ಎನ್ನುತ್ತೇವೆ. ಹೂವು ಕಟ್ಟಿದ ರೆಕ್ಕೆ (ಕಾಫಿ ಗಿಡದ ಕೊಂಬೆ) ಅಲ್ಲಾಡಿಸಿದರೆ ಕಾಯಿ ಕಡಿಮೆಯಾಗುತ್ತದೆ, ಸಾಲಿನ ನಡುವಿನ ದಾರಿಯಲ್ಲೇ ನಿಲ್ಲಿಸಿ ಉದ್ದ ಲೆನ್ಸಿನಲ್ಲಿ ತೆಗೆದರೆ ಹೂವಿನ ನಡುವೆ ನಿಂತ ಹಾಗೇ ಕಾಣುತ್ತದೆ.

ಜಾಗಗಳ ವಿಷಯಕ್ಕೆ ಬಂದರೆ, ಜನ ಮೊದಲು ಹೇಳುವ ಹೆಸರು ಮುಳ್ಳಯ್ಯನಗಿರಿ. ನಮ್ಮ ಅಭಿಪ್ರಾಯದಲ್ಲಿ ಅದು ಶೂಟಿಗೆ ಅಷ್ಟೇನೂ ಒಳ್ಳೆಯ ಜಾಗವಲ್ಲ. 1,930 ಮೀಟರ್ ಎತ್ತರದ ನೆತ್ತಿ, ಗಾಳಿ ಬಿಡುವುದಿಲ್ಲ, ಶನಿವಾರ-ಭಾನುವಾರ ಜನಜಂಗುಳಿ, ಮೇಲೆ ಗದ್ದುಗೆ ಇರುವುದರಿಂದ ಅಪ್ಪಿಕೊಳ್ಳುವ ಭಂಗಿಗಳಿಗೆ ಅದು ತಾಣವೂ ಅಲ್ಲ. ಈಗ ವಾಹನಗಳಿಗೆ ಮಿತಿ ಹಾಕಿ ಆನ್‌ಲೈನ್ ನೋಂದಣಿ ತಂದಿದ್ದಾರೆ. ಕೈಮರ ಚೆಕ್‌ಪೋಸ್ಟಿನಲ್ಲಿ ಬುಕಿಂಗ್ ಇಲ್ಲದೆ ನಿಂತರೆ ಬೆಳಗಿನ ಬೆಳಕು ಕೆಳಗೇ ಕಳೆದುಹೋಗುತ್ತದೆ. ಡಿಸೆಂಬರಿನಲ್ಲಿ ದತ್ತ ಜಯಂತಿಯ ಸುತ್ತಿನ ದಿನಗಳಲ್ಲಿ ಪ್ರವಾಸಿಗರಿಗೆ ಬೆಟ್ಟದ ದಾರಿಯನ್ನೇ ಮುಚ್ಚುತ್ತಾರೆ, ಕ್ಯಾಲೆಂಡರ್ ನೋಡದೆ ದಿನ ಕೊಡಬಾರದು. ಬೆಟ್ಟದ ಸಾಲು ಹಿನ್ನೆಲೆಯಲ್ಲಿ ಬೇಕು ಅಷ್ಟೇ ಎನ್ನುವವರನ್ನು ಹಿರೇಕೊಳಲೆ ಕೆರೆ ಏರಿಗೆ ಕರೆದುಕೊಂಡು ಹೋಗುತ್ತೇವೆ. ಕಾರು ಪಕ್ಕದವರೆಗೆ ಹೋಗುತ್ತದೆ, ನೀರಿನ ಆಚೆ ಗುಡ್ಡ ಸಿಗುತ್ತದೆ.

ಹಾಸನದ ಕಡೆ ಶೆಟ್ಟಿಹಳ್ಳಿ ಚರ್ಚ್. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕು ಪಾಳುಬಿದ್ದದ್ದು. ಜಲಾಶಯ ತುಂಬಿದ ತಿಂಗಳುಗಳಲ್ಲಿ ಅರ್ಧ ನೀರಲ್ಲಿ, ಬೇಸಿಗೆಯಲ್ಲಿ ಒಳಗೆಲ್ಲ ನಡೆದಾಡಬಹುದು. ಹೋಗುವ ಮೊದಲು ಅಣೆಕಟ್ಟಿರುವ ಗೊರೂರಿನ ನೀರಿನ ಮಟ್ಟ ನೋಡಿಕೊಳ್ಳಬೇಕು, ಇಲ್ಲವಾದರೆ ಜೋಡಿ ಮನಸ್ಸಿನಲ್ಲಿಟ್ಟುಕೊಂಡು ಬಂದ ಚಿತ್ರವೇ ಬೇರೆ, ಅಲ್ಲಿ ಇರುವುದೇ ಬೇರೆ. ನೀರು ಇಳಿದ ಹೊಸದರಲ್ಲಿ ದಡದ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಮೊಣಕಾಲುದ್ದ ಕೆಸರು. ಅಸಿಸ್ಟೆಂಟ್ ಕೋಲು ಚುಚ್ಚಿ ನೋಡಿಕೊಂಡು ಮುಂದೆ ಹೋಗಬೇಕು. ಗೋಡೆಗಳು ಸಡಿಲವಾಗಿವೆ, ಒಂದಷ್ಟು ಭಾಗ ಕುಸಿದೂ ಇದೆ. ಕಮಾನಿನ ಕೆಳಗೆ ನಿಲ್ಲಿಸುವುದು, ಗೋಡೆ ಹತ್ತಿಸುವುದು ನಮ್ಮಲ್ಲಿ ನಿಷಿದ್ಧ. ಕಮಾನಿನಿಂದ ಹತ್ತು-ಹದಿನೈದು ಅಡಿ ಮುಂದೆ ನಿಲ್ಲಿಸಿ 135 ಎಂಎಂ ಆಸುಪಾಸಿನ ಲೆನ್ಸಿನಲ್ಲಿ ತೆಗೆದರೆ ಕಮಾನು ಹತ್ತಿರ ಬಂದು ಜೋಡಿಯನ್ನು ಆವರಿಸಿದಂತೆ ಕಾಣುತ್ತದೆ.

ಹಳೇಬೀಡು, ಬೇಲೂರು ಕೇಂದ್ರ ಪುರಾತತ್ವ ಇಲಾಖೆಯ ಕೆಳಗಿವೆ, 2023ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲೂ ಇವೆ. ಟ್ರೈಪಾಡ್, ಲೈಟ್ ಸ್ಟ್ಯಾಂಡ್ ತರುವುದಾದರೆ ಮೊದಲೇ ಇಲಾಖೆಯ ಅನುಮತಿ ಬೇಕು. ಮುಖಕ್ಕೆ ಬೆಳಕು ತಿರುಗಿಸುವ ರಿಫ್ಲೆಕ್ಟರ್ ಬಿಚ್ಚಿದ ಕೂಡಲೇ ಕಾವಲುಗಾರರು ಬರುತ್ತಾರೆ, ಅವರ ಕೆಲಸ ಅವರು ಮಾಡುತ್ತಾರೆ, ಜಗಳಕ್ಕೆ ಅರ್ಥವಿಲ್ಲ. ಅನುಮತಿ ಸಿಕ್ಕರೆ ಹಳೇಬೀಡಿನಲ್ಲಿ ಸಂಜೆಯೇ ಹೋಗಿ. ದೇವಸ್ಥಾನ ಪೂರ್ವಾಭಿಮುಖ, ಹಿಂಭಾಗದ ಕೆತ್ತನೆಯ ಗೋಡೆಗೆ ಬಿಸಿಲು ಬೀಳುವುದು ಮಧ್ಯಾಹ್ನದ ನಂತರ. ಬಳಪದ ಕಲ್ಲು ಕಪ್ಪು, ಬೆಳಕನ್ನು ನುಂಗುತ್ತದೆ. ಕ್ಯಾಮೆರಾ ಅದನ್ನು ನೋಡಿ ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಏರಿಸಿ ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಮುಖಕ್ಕೆ ಸ್ಪಾಟ್ ಮೀಟರ್ (ಒಂದೇ ಜಾಗದ ಬೆಳಕು ಅಳೆಯುವ ಕ್ರಮ) ಹಿಡಿದು ಮ್ಯಾನುಯಲ್‌ನಲ್ಲಿ ತೆಗೆಯುವುದೇ ದಾರಿ. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯ ನಕ್ಷತ್ರದಾಕಾರವನ್ನು ಫೋಟೊದಲ್ಲಿ ಕೇಳುವವರಿಗೆ ಮೊದಲೇ ಹೇಳಿಬಿಡಬೇಕು: ಅದು ಕಾಣುವುದು ಮೇಲಿನಿಂದ, ನೆಲದಲ್ಲಿ ಗೋಡೆ ಮಾತ್ರ. 2021ರ ನಿಯಮದಂತೆ 250 ಗ್ರಾಂ ವರೆಗಿನ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ ನಿಜ, ಆದರೆ ಸ್ಮಾರಕದ ಮೇಲೆ, ಕಾಡಿನ ಮೇಲೆ ಹಾರಿಸಲು ಆಯಾ ಇಲಾಖೆಯ ಒಪ್ಪಿಗೆ ಬೇರೆಯೇ ಬೇಕು.

ಬಟ್ಟೆಯ ಫೋಟೊಗಳನ್ನು ಹಿಂದಿನ ವಾರವೇ ತರಿಸಿಕೊಳ್ಳುತ್ತೇವೆ. ಮೂರು ಜೊತೆ ಸಾಕು. ಒಂದೊಂದು ಬದಲಾವಣೆಗೆ ಹುಡುಗಿಗೆ ನಲವತ್ತು ನಿಮಿಷ ಬೇಕು, ಐದು ಜೊತೆ ಇಟ್ಟುಕೊಂಡರೆ ಒಳ್ಳೆಯ ಬೆಳಕೆಲ್ಲ ಕಾರಿನೊಳಗೆ ಹೋಗುತ್ತದೆ. ಹಸಿರು ತೋಟದಲ್ಲಿ ಹಸಿರು ಸೀರೆ ಬೇಡ. ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಕೆನೆ ಬಣ್ಣ ಚೆನ್ನಾಗಿ ಕೂರುತ್ತವೆ. ಕಡುಗೆಂಪು ರೇಷ್ಮೆಯಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಮಾಹಿತಿ) ಬೇಗ ಮಿತಿ ಮೀರಿ ನೆರಿಗೆಯ ವಿವರ ಮಾಯವಾಗುತ್ತದೆ. ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಕಡಿಮೆ ಇಟ್ಟು, ಕ್ಯಾಮೆರಾ ಕುಗ್ಗಿಸದ ಮೂಲ ಚಿತ್ರವಾದ ರಾ ಫೈಲಿನಲ್ಲಿ ತೆಗೆಯಬೇಕು. ಸಣ್ಣ ಚೌಕಳಿಯ ಅಂಗಿ ಹಾಕಿದರೆ ಪರದೆಯ ಮೇಲೆ ಅಲೆಅಲೆಯಾಗಿ ಕಾಣುತ್ತದೆ, ಸಾದಾ ಅಂಗಿ ತರಲು ಹೇಳಿ. ಚೀಲದಲ್ಲಿ ಇಪ್ಪತ್ತು ಪಿನ್ನು, ಒದ್ದೆ ಒರೆಸುವ ಬಟ್ಟೆ, ಕೂದಲಿನ ಕ್ಲಿಪ್ಪು, ಬಾಡಿಗೆ ಗೌನ್ ಸಡಿಲವಿದ್ದರೆ ಹಿಂದೆ ಹಿಡಿದು ಹಾಕಲು ಬಟ್ಟೆ ಒಣಹಾಕುವ ಕ್ಲಿಪ್ಪು. ಮಳೆಗಾಲವಾದರೆ ಇಂಬಳಕ್ಕೆ ಉಪ್ಪು ಮತ್ತು ಹೊಗೆಸೊಪ್ಪಿನ ಪುಡಿ. ಬಣ್ಣದ ಹೊಗೆ ಬಾಂಬನ್ನು ನಾವು ಬಳಸುವುದಿಲ್ಲ. ಬಟ್ಟೆಗೆ ಕಲೆ ಹತ್ತುತ್ತದೆ ಎನ್ನುವುದು ಸಣ್ಣ ಕಾರಣ, ಫೆಬ್ರವರಿ-ಮಾರ್ಚಿನ ಒಣ ಬೆಟ್ಟದ ಹುಲ್ಲಿಗೆ ಒಂದು ಕಿಡಿ ಸಾಕು ಎನ್ನುವುದು ದೊಡ್ಡದು.

ಕ್ಯಾಮೆರಾ ಚೀಲ ದೊಡ್ಡದಿರಬೇಕಿಲ್ಲ. ಎರಡು ಕ್ಯಾಮೆರಾ ಬಾಡಿ, 35 ಎಂಎಂ, 85 ಎಂಎಂ, 70-200 ಲೆನ್ಸುಗಳು, ಒಂದು ಫ್ಲ್ಯಾಶ್, ಒಂದು ಸಾಫ್ಟ್‌ಬಾಕ್ಸ್, ಐದು-ಇನ್-ಒನ್ ರಿಫ್ಲೆಕ್ಟರ್, ನಾಲ್ಕು ಬ್ಯಾಟರಿ, ಎರಡೂ ಸ್ಲಾಟಿನಲ್ಲಿ 64 ಜಿಬಿ ಕಾರ್ಡು. ಬೆಟ್ಟದ ಮೇಲೆ ಸ್ಟ್ಯಾಂಡ್ ನಿಲ್ಲುವುದಿಲ್ಲ, ಸಾಫ್ಟ್‌ಬಾಕ್ಸ್ ಹಾರಿಹೋಗುತ್ತದೆ. ಫ್ಲ್ಯಾಶನ್ನು ಮೊನೊಪಾಡಿಗೆ ಕಟ್ಟಿ ಅಸಿಸ್ಟೆಂಟ್ ಹಿಡಿದುಕೊಳ್ಳಬೇಕು. ಹೊಸಬರು ಹೆಚ್ಚು ಎಡವುವುದು ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಗಲ) ವಿಷಯದಲ್ಲಿ. 85 ಎಂಎಂ, ಎಫ್ 1.4, ಜೋಡಿ ಎರಡು ಮೀಟರ್ ದೂರದಲ್ಲಿ: ಫುಲ್ ಫ್ರೇಮಿನಲ್ಲಿ ಫೋಕಸ್ ಸಿಗುವುದು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಆಳಕ್ಕೆ. ಹುಡುಗಿಯ ಕಣ್ಣು ಸ್ಪಷ್ಟ, ಹಿಂದೆ ನಿಂತ ಹುಡುಗನ ಮುಖ ಮಸುಕು. ಎಫ್ 4 ಇಟ್ಟರೆ ಅದು ಹದಿಮೂರು ಸೆಂಟಿಮೀಟರ್, ಎರಡು ತಲೆ ಪಕ್ಕಪಕ್ಕ ಬಂದರೆ ಸಾಲುತ್ತದೆ. ಕಣ್ಣು ಹುಡುಕುವ ಆಟೊಫೋಕಸ್ ಹೆಚ್ಚಾಗಿ ಹತ್ತಿರದ ಮುಖಕ್ಕೇ ಹೋಗುತ್ತದೆ, ಯಾರ ಮೇಲೆ ಬೇಕೋ ಬೆರಳಿನಲ್ಲಿ ಆರಿಸಿಕೊಳ್ಳಬೇಕು. ನಡೆಯುವ ಭಂಗಿಗೆ ಶಟರ್ 1/500 ಸೆಕೆಂಡ್, ಸೆರಗು ಹಾರಿಸುವುದಕ್ಕೆ 1/1000.

ತೋಟದೊಳಗಿನ ದೊಡ್ಡ ಶತ್ರು ಹಸಿರು. ಸಿಲ್ವರ್ ಓಕು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಎಲೆ, ಎಲ್ಲ ಕಡೆಯಿಂದ ಬೆಳಕು ಎಲೆಗೆ ಬಡಿದು ಮುಖಕ್ಕೆ ಬರುತ್ತದೆ. ಕ್ಯಾಮೆರಾದ ಪರದೆಯಲ್ಲಿ ತಿಳಿಯುವುದಿಲ್ಲ, ಮನೆಗೆ ಬಂದು ನೋಡಿದರೆ ಇಬ್ಬರಿಗೂ ಕಾಮಾಲೆ. ಕಂಪ್ಯೂಟರಿನಲ್ಲಿ ಇಡೀ ಚಿತ್ರಕ್ಕೆ ಮೆಜೆಂಟಾ ಸುರಿದರೆ ಬಿಳಿ ಪಂಚೆ ಗುಲಾಬಿಯಾಗುತ್ತದೆ. ಸರಿಯಾದ ಕ್ರಮ ಜಾಗದಲ್ಲೇ: ಮೇಲೆ ಆಕಾಶ ತೆರೆದಿರುವ ಕಡೆ, ತೋಟದ ರಸ್ತೆಯ ಅಂಚಿನಲ್ಲಿ ನಿಲ್ಲಿಸಿ, ಅವರ ಮುಖ ಆ ರಸ್ತೆಯ ಕಡೆಗೆ ತಿರುಗಿರಲಿ. ಬಿಳಿ ರಿಫ್ಲೆಕ್ಟರನ್ನು ಸೊಂಟದ ಮಟ್ಟದಲ್ಲಿ ಹಿಡಿಯಿರಿ. ಬೆಳ್ಳಿ ಬಣ್ಣದ್ದು ಬೇಡ, ಕಣ್ಣು ಕುಕ್ಕುತ್ತದೆ. ತೀರಾ ಒಳಗೇ ತೆಗೆಯಬೇಕಾದರೆ ಸಾಫ್ಟ್‌ಬಾಕ್ಸಿನ ಫ್ಲ್ಯಾಶ್ ಮುಖದ ಮೇಲೆ ಹಿನ್ನೆಲೆಗಿಂತ ಒಂದು ಸ್ಟಾಪ್ ಹೆಚ್ಚಿರಲಿ, ಆಗ ಚರ್ಮದ ಬಣ್ಣ ಫ್ಲ್ಯಾಶಿನದು, ಹಸಿರು ಹಿನ್ನೆಲೆಗೆ ಮಾತ್ರ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಿಸುವ ಸೆಟ್ಟಿಂಗ್, ಅಳತೆ ಕೆಲ್ವಿನ್‌ನಲ್ಲಿ) ಆಟೊದಲ್ಲಿ ಬಿಡಬೇಡಿ. ಒಂದು ಜಾಗಕ್ಕೆ ಒಂದು ಕೆಲ್ವಿನ್ ಸಂಖ್ಯೆ ಇಟ್ಟರೆ ತಿದ್ದುವಾಗ ಎಲ್ಲಕ್ಕೂ ಒಂದೇ ತಿದ್ದುಪಡಿ ಸಾಕಾಗುತ್ತದೆ.

ಮಂಜಿನ ಲೆಕ್ಕ ಬೇರೆ. ಬಿಳಿಯನ್ನು ಕಂಡ ಮೀಟರ್ ಅದನ್ನು ಬೂದಿ ಮಾಡುತ್ತದೆ, ಎಕ್ಸ್‌ಪೋಷರಿಗೆ ಪ್ಲಸ್ 0.7ರಿಂದ 1 ಸ್ಟಾಪ್ ಕೊಡಬೇಕು. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹಾಕಿದರೆ ಹನಿಗಳೆಲ್ಲ ಹೊಳೆದು ಬಿಳಿ ಚುಕ್ಕೆ, ಫ್ಲ್ಯಾಶ್ ಪಕ್ಕಕ್ಕೆ ಹೋಗಬೇಕು ಇಲ್ಲವೇ ಜೋಡಿಯ ಹಿಂದಕ್ಕೆ. ಫೋಕಸ್ ಹಿಡಿಯದೆ ಒದ್ದಾಡಿದರೆ ಸೀರೆಯ ಅಂಚಿಗೋ ಅಂಗಿಯ ಕಾಲರಿಗೋ ಹಿಡಿದರೆ ಸಿಗುತ್ತದೆ. ದೂರದ ಲೆನ್ಸ್ ಮಂಜಿನಲ್ಲಿ ಪ್ರಯೋಜನಕ್ಕಿಲ್ಲ. ನಡುವಿನ ಮಂಜೆಲ್ಲ ಚಿತ್ರಕ್ಕೆ ಬಂದು ಮುಖ ಕಾಣದು. 35 ಎಂಎಂ ಹಾಕಿ ಹತ್ತಿರ ಹೋಗಿ. ರಾತ್ರಿ ಎಸಿ ರೂಮಿನಲ್ಲಿಟ್ಟ ಕ್ಯಾಮೆರಾವನ್ನು ಹೊರಗೆ ತೆಗೆದ ಕೂಡಲೇ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಚೀಲ ಮುಚ್ಚಿಕೊಂಡೇ ಅರ್ಧ ಗಂಟೆ ಹೊರಗಿಡುವುದು ಒಂದೇ ಉಪಾಯ.

ಇನ್ನು ಆ ಮೂರನೆಯ ಪ್ರಶ್ನೆ. ನಮ್ಮ ಕಡೆ ನಿಶ್ಚಯವಾದ ಮದುವೆಗಳೇ ಹೆಚ್ಚು. ಹುಡುಗಿ ನೋಡುವ ಶಾಸ್ತ್ರದಲ್ಲೊಮ್ಮೆ, ನಿಶ್ಚಿತಾರ್ಥದಲ್ಲೊಮ್ಮೆ, ಮೂರನೇ ಸಲ ನಮ್ಮ ಕ್ಯಾಮೆರಾ ಮುಂದೆ. ಇಂಥವರಿಗೆ ಮೊದಲ ಹತ್ತು ನಿಮಿಷದಲ್ಲೇ "ಸರ್, ಸೊಂಟಕ್ಕೆ ಕೈ ಹಾಕಿ" ಎಂದರೆ ಅಲ್ಲಿಗೆ ಆ ದಿನ ಮುಗಿಯಿತು. ಹೆಗಲು ಕಿವಿಗೆ ಏರುತ್ತದೆ, ಬೆರಳು ಮರಗಟ್ಟುತ್ತದೆ, ಹುಡುಗಿ ದೂರದಲ್ಲಿ ನಿಂತ ತಂಗಿಯ ಮುಖ ನೋಡುತ್ತಾಳೆ. ನಮ್ಮ ಕ್ರಮ ಹೀಗೆ: ಮೊದಲ ಅರ್ಧ ಗಂಟೆ ಒಬ್ಬೊಬ್ಬರದೇ ಫೋಟೊ. ಹುಡುಗಿಯದು ತೆಗೆಯುವಾಗ ಹುಡುಗನ ಕೈಗೆ ರಿಫ್ಲೆಕ್ಟರ್ ಕೊಡುತ್ತೇವೆ. ಅವನಿಗೆ ಮಾಡಲು ಕೆಲಸ ಸಿಗುತ್ತದೆ, ಅವಳನ್ನು ನೇರವಾಗಿ ನೋಡಲು ನೆಪವೂ. ಆಮೇಲೆ 70-200 ಹಾಕಿ ನಾವು ದೂರ ಹೋಗಿ, ಇಬ್ಬರೂ ಮಾತಾಡಿಕೊಂಡು ಇತ್ತ ನಡೆದು ಬನ್ನಿ ಎನ್ನುವುದು. "ರೀ, ನೀವು ಕಾಫಿ ಕುಡೀತೀರೋ ಟೀನೋ" ಎನ್ನುವ ಮಟ್ಟದ ಮಾತು ಸಾಕು. ನಗು ಬರುವುದು ಮಾತು ಮುಗಿದ ಮೇಲಿನ ಎರಡು ಸೆಕೆಂಡಿನಲ್ಲಿ, ಆಗ ಶಟರ್ ಒತ್ತಬೇಕು. ಕೈ ಹಿಡಿಯುವುದು ಏರು ದಾರಿಯಲ್ಲಿ, ಕಲ್ಲು ದಾಟುವಾಗ ತಾನಾಗಿ ಆಗುತ್ತದೆ. ಅದರಾಚೆಗಿನ ಭಂಗಿ ಬೇಕೋ ಬೇಡವೋ ಎಂದು ಹುಡುಗಿಯನ್ನು ಬೇರೆಯಾಗಿ ಕೇಳುತ್ತೇವೆ, ಜೊತೆಗೆ ಬಂದ ತಂಗಿಯ ಮೂಲಕವಾದರೂ ಸರಿ. ಎಲ್ಇಡಿ ಪರದೆ ಮುಂದೆ ಊರ ಹಿರಿಯರೆಲ್ಲ ಕೂತಿರುತ್ತಾರೆ ಎನ್ನುವುದನ್ನು ಉತ್ಸಾಹದಲ್ಲಿ ಹುಡುಗ ಮರೆತಿರುತ್ತಾನೆ.

ಎತ್ತರದ ವ್ಯತ್ಯಾಸ ಹೆಚ್ಚಿದ್ದರೆ ಇಳಿಜಾರಿನಲ್ಲಿ ಗಿಡ್ಡಗಿರುವವರು ಮೇಲ್ಗಡೆಗೆ, ಅಥವಾ ಒಬ್ಬರನ್ನು ಕೂರಿಸಿಬಿಡುವುದು. ಭಾರ ಹಿಂದಿನ ಕಾಲಿಗೆ ಬಂದರೆ ಹೊಟ್ಟೆ ಕಾಣುವುದಿಲ್ಲ. ಕನ್ನಡಕ ಹೊಳೆದರೆ ಗದ್ದ ಒಂದು ಬೆರಳಷ್ಟು ಇಳಿಸಿ, ಕಿವಿಯ ಮೇಲಿನ ಕಡ್ಡಿಯನ್ನು ಸ್ವಲ್ಪ ಎತ್ತಿ. ಒಬ್ಬರು ಕಪ್ಪು ಒಬ್ಬರು ಬಿಳುಪಾದರೆ ಕಪ್ಪಗಿರುವವರನ್ನು ಬೆಳಕಿಗೆ ಹತ್ತಿರ ನಿಲ್ಲಿಸಬೇಕು. ಆಮೇಲೆ ಮನೆಯವರು ಫೋನು ಮಾಡಿ "ಸ್ವಲ್ಪ ಬೆಳ್ಳಗೆ ಮಾಡ್ಕೊಡಿ" ಎನ್ನುತ್ತಾರೆ. ಮಾಡುವುದಿಲ್ಲ. ಮೊಡವೆ ತೆಗೆಯುತ್ತೇವೆ, ಕಣ್ಣಿನ ಕೆಳಗಿನ ಕಪ್ಪು ಅರ್ಧಕ್ಕೆ ಇಳಿಸುತ್ತೇವೆ, ಮಚ್ಚೆ ಮುಟ್ಟುವುದಿಲ್ಲ, ಬಣ್ಣ ಬದಲಿಸುವುದಿಲ್ಲ. ಬಾಗಿಲ ಬೋರ್ಡಿನಲ್ಲಿ ಬೆಳ್ಳಗಿದ್ದ ಹುಡುಗಿ ಮಂಟಪದಲ್ಲಿ ಬೇರೆಯಾಗಿ ಕಂಡರೆ ಆಡಿಕೊಳ್ಳುವವರು ಫೋಟೊಗ್ರಾಫರನ್ನು ಆಡಿಕೊಳ್ಳುವುದಿಲ್ಲ.

ದಿನಕ್ಕೆ ಸಾವಿರದೈನೂರು ಚಿತ್ರವಾದರೆ ರಾ ಫೈಲು ಸುಮಾರು 40 ಜಿಬಿ. ಅದೇ ರಾತ್ರಿ ಎರಡು ಹಾರ್ಡ್ ಡಿಸ್ಕಿಗೆ ಹೋಗಬೇಕು, ಎರಡನ್ನೂ ತೆರೆದು ನೋಡಿದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್. ಜೋಡಿಗೆ ಆರಿಸಲು ಕೊಡುವುದು ಇನ್ನೂರು ಮಾತ್ರ. ಎಲ್ಲವನ್ನೂ ಕೊಟ್ಟರೆ ಆರಿಸುವುದಕ್ಕೇ ಮದುವೆ ಬಂದುಬಿಡುತ್ತದೆ. ಕೊನೆಯ ಫೈಲುಗಳನ್ನು ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತವೆ, ಅದೇ ಕುಗ್ಗಿದ ಚಿತ್ರವನ್ನು ಮಾವನವರು ಪ್ರಿಂಟಿಗೆ ಕೊಡುತ್ತಾರೆ, ಬೋರ್ಡಿನಲ್ಲಿ ಮುಖ ಒಡೆದು ಕಾಣುತ್ತದೆ. ಲಿಂಕ್ ಅಥವಾ ಪೆನ್‌ಡ್ರೈವ್ ಕೊಡಬೇಕು, ಬೋರ್ಡಿನ ಫೈಲನ್ನು ಪ್ರಿಂಟಿನವರಿಗೆ ನಾವೇ ನೇರವಾಗಿ ಕಳಿಸಬೇಕು. ಫ್ಲೆಕ್ಸಿನಲ್ಲಿ ಕೆಂಪು ಮಂಕಾಗುವುದರಿಂದ ಒಂದು ಅಡಿ ತುಂಡು ಮೊದಲು ಹೊಡೆಸಿ ನೋಡುವುದು ಒಳ್ಳೆಯದು.

ದುಡ್ಡು ಅರ್ಧ ದಿನಾಂಕ ಹಿಡಿಯುವಾಗ, ಉಳಿದದ್ದು ಫೈಲು ಕೊಡುವ ಮೊದಲು. ಮಳೆಯಿಂದ ನಿಂತರೆ ಒಂದು ಸಲ ದಿನ ಬದಲಿಸಲು ಬೇರೆ ದುಡ್ಡು ಕೇಳುವುದಿಲ್ಲ. ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಬೇಕಾದ ವಿಷಯ ಇನ್ನೆರಡಿವೆ. ಇನ್‌ಸ್ಟಾಗ್ರಾಂ ಪುಟಕ್ಕೆ ಹಾಕಲು ಇಬ್ಬರ ಒಪ್ಪಿಗೆಯೂ ಬೇಕು, ಹುಡುಗನೊಬ್ಬನ ಸಹಿ ಸಾಲದು, ಹಾಕುವುದೂ ಧಾರೆಯಾದ ಮೇಲೆಯೇ. ನಿಶ್ಚಿತಾರ್ಥ ಮುರಿದುಬಿದ್ದರೆ ಅಡ್ವಾನ್ಸ್ ವಾಪಸಿಲ್ಲ, ಇಬ್ಬರೂ ಒಟ್ಟಿಗಿರುವ ಚಿತ್ರಗಳನ್ನು ಯಾವ ಕಡೆಯವರು ಕೇಳಿದರೂ ಕೊಡುವುದಿಲ್ಲ, ಎರಡೂ ಮನೆಗೆ ಒಂದೇ ಮಾತಿನ ಸಂದೇಶ ಕಳಿಸಿ ಎರಡೂ ಡಿಸ್ಕಿನಿಂದ ಅಳಿಸುತ್ತೇವೆ. ಒಬ್ಬೊಬ್ಬರದೇ ತೆಗೆದ ಚಿತ್ರಗಳು ಅವರವರಿಗೆ.